ಓಟು ಸುಮ್ಮನೆ ಬಂದದ್ದಲ್ಲ



ಕೆಚ್ಚಲು ಬಾವು, ಕಾಲುಬಾಯಿ ರೋಗ ಎಂದು ಬರೆಯುವ ನಾನು ಈ ಸಲ ಬೇರೆ ವಿಷಯ ಹಿಡಿದಿದ್ದೇನೆ. ಕಳೆದ ತಿಂಗಳು ಲಸಿಕೆ ಹಾಕಲು ಹೋದಾಗ ಒಬ್ಬ ತಾಯಿ ಹಸುವಿನ ಹಗ್ಗ ಹಿಡಿದುಕೊಂಡೇ ಹೇಳಿದರು: "ಸಂಘದ ಎಲೆಕ್ಷನ್‌ನಲ್ಲಿ ನಂಗೆ ಓಟಿಲ್ವಂತೆ ಡಾಕ್ಟ್ರೇ. ಹಾಲು ಕರೆಯೋಳು ನಾನು, ಡೇರಿಗೆ ಹಾಕೋಳು ನಾನು. ಷೇರು ಮಾತ್ರ ಯಜಮಾನ್ರ ಹೆಸರಲ್ಲೈತೆ." ನನಗೆ ತಕ್ಷಣ ನೆನಪಾದದ್ದು 'ಮೈಸೂರು ಚಲೋ' ಚಳವಳಿ.

ನಮ್ಮ ಹಳೇ ಮೈಸೂರು ಸೀಮೆ ಆಗ ಮಹಾರಾಜರ ಸಂಸ್ಥಾನ. 1881ರಲ್ಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿತ್ತು. ಮೊದಲ ಸಭೆಗೆ ಬಂದವರು ಜಮೀನುದಾರರು, ವರ್ತಕರು. ಆಮೇಲೆ ಚುನಾವಣೆ ಬಂತು, 1923ರಲ್ಲಿ ಹೆಂಗಸರಿಗೂ ಓಟು ಬಂತು. ಆದರೆ ಆಸ್ತಿ, ಕಂದಾಯ ಇದ್ದವರಿಗೆ ಮಾತ್ರ. ಇಷ್ಟೆಲ್ಲ ಇದ್ದರೂ ಸರ್ಕಾರ ನಡೆಸುವ ದಿವಾನರನ್ನು ನೇಮಿಸುವವರು ಮಹಾರಾಜರು. ಸಭೆಯವರು ಕಷ್ಟಸುಖ ಹೇಳಿಕೊಳ್ಳಬಹುದು, ದಿವಾನರನ್ನು ಇಳಿಸುವಂತಿಲ್ಲ. ಜನ ಆರಿಸಿದವರಿಗೆ ಉತ್ತರ ಕೊಡುವ ಸರ್ಕಾರ ಬೇಕು ಎಂಬ ಬೇಡಿಕೆ ಹುಟ್ಟಿದ್ದು ಇದರಿಂದ. ಅದಕ್ಕೆ 'ಜವಾಬ್ದಾರಿ ಸರ್ಕಾರ' ಎನ್ನುತ್ತಿದ್ದರು.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಗೌರಮ್ಮ ಎಂಬ ಹೆಣ್ಣುಮಗಳೂ ಇದ್ದರು.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ ಮಾತ್ರ ದಿವಾನರ ಆಡಳಿತವೇ ಮುಂದುವರಿಯಿತು! ಸೆಪ್ಟೆಂಬರ್ 1ರಿಂದ 'ಮೈಸೂರು ಚಲೋ' ಆರಂಭ. ಕೆ. ಚೆಂಗಲರಾಯ ರೆಡ್ಡಿ ಮೊದಲಾದ ಮುಂದಾಳುಗಳನ್ನು ಹಿಡಿದು ಜೈಲಿಗೆ ಹಾಕಿದರು. ಆದರೂ ಚಳವಳಿ ನಿಲ್ಲಲಿಲ್ಲ. ಹುಡುಗರು ಶಾಲೆ ಬಿಟ್ಟು ಬಂದರು, ರೈತರು, ಕಾರ್ಮಿಕರು, ಹೆಂಗಸರು ಬೀದಿಗಿಳಿದರು. ದಿವಾನರು ಅರ್ಕಾಟ್ ರಾಮಸ್ವಾಮಿ ಮೊದಲಿಯಾರ್, ಹಾಗಾಗಿ ಬೀದಿಯಲ್ಲೆಲ್ಲ "ಅರ್ಕಾಟ್ ಬಾಯ್ಕಾಟ್" ಎಂಬ ಕೂಗು. ಸೆಪ್ಟೆಂಬರ್ 13ರಂದು ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಬಸ್ಸಿನಲ್ಲಿ ನೀವು ದಾಟುವ ರಾಮಸ್ವಾಮಿ ವೃತ್ತ ಅವನ ಹೆಸರಿನದೇ. ಸುಮಾರು ಆರು ವಾರ ಕಳೆದ ಮೇಲೆ, ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು. ಚೆಂಗಲರಾಯ ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಆಸ್ತಿ ಕೇಳದೆ ಎಲ್ಲ ವಯಸ್ಕರಿಗೂ ಓಟು ಸಿಕ್ಕಿದ್ದು 1951-52ರ ಮಹಾಚುನಾವಣೆಯಲ್ಲಿ.

ನಮ್ಮ ಸಂಘದಲ್ಲೂ ಒಬ್ಬ ಸದಸ್ಯರಿಗೆ ಒಂದೇ ಓಟು. ಎರಡು ಲೀಟರ್ ಹಾಕುವವರಿಗೂ ಅಷ್ಟೇ, ಐವತ್ತು ಲೀಟರ್ ಹಾಕುವವರಿಗೂ ಅಷ್ಟೇ. ಆದರೆ ಷೇರು ನಿಮ್ಮ ಹೆಸರಲ್ಲಿರಬೇಕು. ಪಾಸ್‌ಬುಕ್ ತೆಗೆದು ಯಾರ ಹೆಸರಿದೆ ನೋಡಿ. ನಿಮ್ಮದಿಲ್ಲದಿದ್ದರೆ ಸದಸ್ಯತ್ವದ ಅರ್ಜಿ ಕೇಳಿ ಪಡೆಯಿರಿ. ಓಟಿನ ಹಕ್ಕಿಗೆ ಎಷ್ಟು ದಿನ, ಎಷ್ಟು ಲೀಟರ್ ಹಾಲು ಹಾಕಿರಬೇಕು, ಎಷ್ಟು ಸರ್ವಸದಸ್ಯರ ಸಭೆಗೆ ಬಂದಿರಬೇಕು ಎಂಬುದನ್ನು ಉಪವಿಧಿ ನೋಡಿ ಹೇಳುವಂತೆ ಕಾರ್ಯದರ್ಶಿಯವರನ್ನು ಕೇಳಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುತ್ತದೆ.

ಆ ತಾಯಿ ಮೊನ್ನೆ ಡೇರಿ ಹತ್ತಿರ ಸಿಕ್ಕಿದ್ದರು. ಅರ್ಜಿ ಕೊಟ್ಟಾಗಿದೆಯಂತೆ, ಆಡಳಿತ ಮಂಡಳಿ ಸಭೆಗೆ ಕಾಯುತ್ತಿದ್ದಾರೆ.