ಉದ್ರಿ ಪುಸ್ತಕ ತೆರೆದು ನೋಡಿ

ಮನೆಯಲ್ಲೇ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಮಾಟುಂಗಾ, ಡೊಂಬಿವಲಿಯ ಅಂಗಡಿಗಳಿಗೆ ಕೊಡುವ ಸೋದರಿಯರು ನಮ್ಮಲ್ಲಿ ಅನೇಕರಿದ್ದೀರಿ. ವ್ಯಾಪಾರ ಬೆಳೆಸಲು ಇನ್ನೂ ನಾಲ್ಕು ಅಂಗಡಿ ಹಿಡಿಯುವ ಮುನ್ನ ಉದ್ರಿ ಪುಸ್ತಕ ತೆರೆದು ನೋಡಿ. ಅಂಗಡಿಯವರು ಮೂರು ತಿಂಗಳು ಹಣ ಉಳಿಸಿಕೊಂಡರೆ ಮುಂದಿನ ಮೆಣಸಿನಕಾಯಿ, ಕೊಬ್ಬರಿಗೆ ನೀವು ಸಾಲ ಮಾಡಬೇಕು. ಮಾರಾಟ ಹೆಚ್ಚಿದಷ್ಟೂ ಸಾಲವೂ ಹೆಚ್ಚುತ್ತದೆ!

ಇದಕ್ಕೊಂದು ಕಾನೂನಿದೆ, ನಮ್ಮ ಹೆಂಗಸರಿಗೆ ಯಾರೂ ಹೇಳುವುದಿಲ್ಲ ಅಷ್ಟೆ. ಸಣ್ಣ ಉದ್ಯಮಗಳ 2006ರ ಕಾಯ್ದೆಯಂತೆ, ಸರಕು ಕೊಂಡವರು ಲಿಖಿತ ಕರಾರಿಲ್ಲದಿದ್ದರೆ 15 ದಿನದೊಳಗೆ, ಕರಾರಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಚಕ್ರಬಡ್ಡಿ. ಈ ರಕ್ಷಣೆ ಬೇಕಾದರೆ ಮೊದಲೇ ‘ಉದ್ಯಮ್’ ನೋಂದಣಿ ಮಾಡಿಸಿರಬೇಕು. 2020ರಲ್ಲಿ ಆರಂಭವಾದ ಇದಕ್ಕೆ ಸರ್ಕಾರಿ ಶುಲ್ಕವಿಲ್ಲ. ದುಡ್ಡು ಕೇಳುವ ದಲ್ಲಾಳಿಗಳನ್ನು ಹೊಸಿಲಾಚೆಯೇ ನಿಲ್ಲಿಸಿ.

ಕೋರ್ಟು ಕಚೇರಿಯೆಂದು ಹೆದರಬೇಕಿಲ್ಲ. ಬಿಲ್ಲಿನ ಮೇಲೆ ಹಣ ಕೊಡಬೇಕಾದ ತಾರೀಖು ಬರೆದು ಅಂಗಡಿಯವರ ಸಹಿ ಪಡೆಯಿರಿ. ಹಳೆಯ ಬಾಕಿ ತೀರುವವರೆಗೆ ಹೊಸ ಮಾಲು ಬೇಡ. ‘ನಮ್ಮೂರಿನವರು, ಹೇಗೆ ಕೇಳುವುದು?’ ಎನ್ನುತ್ತೀರಲ್ಲವೆ? ನಮ್ಮೂರಿನವರೆಂದು ಅವರೇನೂ ಗಿರಾಕಿಗಳಿಗೆ ಪುಕ್ಕಟೆ ಮಾರುತ್ತಿಲ್ಲ.

ಹಾಗೆಯೇ ಬೆಲೆ ಕಟ್ಟುವಾಗ ಗ್ಯಾಸಿನ ಖರ್ಚನ್ನೂ, ಹುರಿದು ಪುಡಿಮಾಡಿದ ನಿಮ್ಮ ಕೈಗಳ ಕೂಲಿಯನ್ನೂ ಸೇರಿಸಿ. ಎಷ್ಟು ಗಂಟೆ ದುಡಿದಿರೆಂದು ಒಂದು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೆ ಲೆಕ್ಕ ಸಿಕ್ಕಿಬಿಡುತ್ತದೆ.