ತೆರೆದಿಟ್ಟ ಲೆಕ್ಕ, ಹಗುರಾದ ಮನ

ಬಸದಿಯಲ್ಲಿ ಜಿನಬಿಂಬದ ಮುಂದೆ ನಿಂತು ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಗೃಹಸ್ಥನಿಗೆ ಅಷ್ಟೇನೂ ಕಷ್ಟವಲ್ಲ. ಮನೆಗೆ ಬಂದು ಮಡದಿಯ ಮುಂದೆ ತನ್ನ ಸಾಲವನ್ನು ಒಪ್ಪಿಕೊಳ್ಳುವುದೇ ಕಷ್ಟ. ಗಂಡನು ಅಡವಿಟ್ಟ ಒಡವೆಯ ವಿಷಯ ಹೆಂಡತಿಗೆ ತಿಳಿಯದು, ಹೆಂಡತಿ ಕಟ್ಟುತ್ತಿರುವ ಕಂತಿನ ವಿಷಯ ಗಂಡನಿಗೆ ತಿಳಿಯದು, ಇಬ್ಬರ ಚಿಂತೆಯೂ ಮಕ್ಕಳಿಗೆ ತಿಳಿಯದು. ಒಂದೇ ಸೂರಿನಡಿ ಮೂರು ಲೆಕ್ಕಗಳು ನಡೆಯುತ್ತಿರುತ್ತವೆ. ಮಾನ ಉಳಿಸಿಕೊಳ್ಳಲೆಂದು ಮುಚ್ಚಿಟ್ಟದ್ದೇ ಮುಂದೆ ಮನಸ್ತಾಪಕ್ಕೆ ಬೀಜವಾಗುತ್ತದೆ.

ಈ ಸಂಕಟ ಹೊಸದಲ್ಲ. ಸುಮಾರು ನಾಲ್ಕು ಶತಮಾನಗಳ ಹಿಂದೆ ಉತ್ತರ ಭಾರತದ ಜೈನ ಕವಿ ಬನಾರಸೀದಾಸರು ಇದನ್ನು ಅನುಭವಿಸಿ, ಮರೆಮಾಚದೆ ಬರೆದಿಟ್ಟಿದ್ದಾರೆ. 1586ರಲ್ಲಿ ಜೌನ್‌ಪುರದಲ್ಲಿ ಜನಿಸಿದ ಅವರು ವ್ಯಾಪಾರಿ ಮನೆತನದವರು. ಆಚಾರ್ಯ ಕುಂದಕುಂದರ ‘ಸಮಯಸಾರ’ದ ತತ್ತ್ವವನ್ನು ಜನರ ಭಾಷೆಯಲ್ಲಿ ಹಾಡಿದವರೆಂದು ಪ್ರಸಿದ್ಧರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ತಮ್ಮ 55 ವರ್ಷಗಳ ಬದುಕನ್ನು 1641ರಲ್ಲಿ ‘ಅರ್ಧಕಥಾನಕ’ ಎಂಬ ಹೆಸರಿನಲ್ಲಿ ನಿರೂಪಿಸಿದರು. ಆ ಕೃತಿಯಲ್ಲಿ ಲಾಭದಷ್ಟೇ ನಷ್ಟದ ಲೆಕ್ಕವೂ ಇದೆ.

ತಾರುಣ್ಯದಲ್ಲಿ ತಂದೆಯವರು ಒಪ್ಪಿಸಿದ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಮಾರಲು ಅವರು ಆಗ್ರಾಕ್ಕೆ ಹೋದರು. ವ್ಯಾಪಾರ ಕೈಗೂಡಲಿಲ್ಲ. ರತ್ನಗಳಲ್ಲಿ ಕೆಲವು ಕಳೆದುಹೋದವು, ಉಳಿದ ಹಣ ಊಟಕ್ಕೆ ಕರಗಿತು. ಆಗ ಅವರು ಕಚೋರಿ ಮಾರುವವನೊಬ್ಬನಲ್ಲಿ ಸಾಲದ ಮೇಲೆ ಉಣ್ಣತೊಡಗಿದರು. ಒಂದು ದಿನ ಮನಸ್ಸು ತಡೆಯದೆ, ತನ್ನ ಬಳಿ ಏನೂ ಇಲ್ಲ, ಇನ್ನು ಸಾಲ ಕೊಡಬೇಡ ಎಂದು ಅವನಿಗೆ ನಿಜವನ್ನೇ ಹೇಳಿದರು. ಅವನು ಬೈಯಲಿಲ್ಲ, ನಿಶ್ಚಿಂತೆಯಿಂದ ಉಣ್ಣಿರಿ ಎಂದನು. ಕೈಗೆ ಹಣ ಬಂದಾಗ ಬನಾರಸೀದಾಸರು ಆ ಲೆಕ್ಕವನ್ನು ತೀರಿಸಿದರು.

ಕಚೋರಿಯವನ ಮುಂದೆ ಬಂದ ಧೈರ್ಯ ಹೆಂಡತಿಯ ಮುಂದೆ ಒಡನೆ ಬರಲಿಲ್ಲ. ಖೈರಾಬಾದಿನ ಅತ್ತೆಯ ಮನೆಗೆ ಹೋದಾಗ, ರಾತ್ರಿ ಏಕಾಂತದಲ್ಲಿ ಪತ್ನಿ ಆಗ್ರಾದ ಸಮಾಚಾರವನ್ನು ವಿಚಾರಿಸಿದಳು. ಅವರು ಮೊದಲು ಕಟ್ಟುಕಥೆ ಹೇಳಿದರು. ಅವಳು ನಂಬಲಿಲ್ಲ. ಕೊನೆಗೆ, ಗಳಿಸಿದ್ದೆಲ್ಲ ಖರ್ಚಾಗಿ ಬರಿಗೈಯಾಗಿದ್ದೇನೆ ಎಂಬ ಸತ್ಯ ಹೊರಬಂತು. ಆ ಗೃಹಿಣಿ ನಿಂದಿಸಲಿಲ್ಲ. ಸಮಾಧಾನ ಹೇಳಿ, ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಗಳನ್ನು ಪತಿಯ ಕೈಗಿತ್ತಳು. ಆಮೇಲೆ ತನ್ನ ತಾಯಿಗೆ ಮಾತ್ರ ವಿಷಯ ತಿಳಿಸಿದಳು. ಆ ತಾಯಿ ಅಳಿಯನ ಮಾನ ಕಾಯ್ದು, ಗುಟ್ಟಾಗಿ ಇನ್ನೂರು ರೂಪಾಯಿ ಕೊಟ್ಟಳು.

ಜೈನ ಧರ್ಮವು ಆತ್ಮವನ್ನು ಕಟ್ಟಿಹಾಕುವ ನಾಲ್ಕು ಕಷಾಯಗಳನ್ನು ಹೇಳುತ್ತದೆ: ಕ್ರೋಧ, ಮಾನ, ಮಾಯೆ, ಲೋಭ. ಇಲ್ಲಿ ಮಾಯೆ ಎಂದರೆ ಕಪಟ. ಒಳಗೊಂದು ಹೊರಗೊಂದು ಇರುವ ನಡೆ. ದಶಲಕ್ಷಣ ಪರ್ವದಲ್ಲಿ ಆರಾಧಿಸುವ ಉತ್ತಮ ಆರ್ಜವ ಧರ್ಮವು ಇದಕ್ಕೆ ಮದ್ದು. ಮಾನವು ಮಾಯೆಯನ್ನು ಕರೆತರುತ್ತದೆ ಎಂಬುದನ್ನು ಆ ರಾತ್ರಿಯ ಕಟ್ಟುಕಥೆ ತೋರಿಸುತ್ತದೆ. ಆರ್ಜವವು ನೆರವಿನ ಬಾಗಿಲನ್ನು ತೆರೆಯುತ್ತದೆ ಎಂಬುದನ್ನು ಅದರ ನಂತರದ ಮಾತು ತೋರಿಸುತ್ತದೆ.

ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ನಿಂತಿರುವುದೂ ಈ ಋಜುತ್ವದ ಮೇಲೆಯೇ. ಹೊಲ, ಮನೆ, ಚಿನ್ನ, ಬೆಳ್ಳಿ, ದನ, ಧಾನ್ಯಗಳಿಗೆ ಮಿತಿ ಹಾಕಿಕೊಳ್ಳಬೇಕಾದರೆ ಮೊದಲು ಅವು ಎಷ್ಟಿವೆ ಎಂದು ಎಣಿಸಬೇಕಲ್ಲವೇ? ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ಬರುವ ಆನಂದ ಶ್ರಾವಕನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಮಾಡಿದ್ದು ಅದನ್ನೇ. ಭಂಡಾರದಲ್ಲಿ ನಾಲ್ಕು ಕೋಟಿ, ಬಡ್ಡಿ ವ್ಯವಹಾರದಲ್ಲಿ ನಾಲ್ಕು ಕೋಟಿ, ಗೃಹಸಂಪತ್ತಿನಲ್ಲಿ ನಾಲ್ಕು ಕೋಟಿ ನಾಣ್ಯ ಎಂದು ಎಣಿಸಿ ಮಿತಿಯನ್ನು ಸಾರಿದನು. ಹಲ್ಲುಜ್ಜುವ ಕಡ್ಡಿ ಯಾವುದು, ಉಣ್ಣುವ ತುಪ್ಪ ಯಾವುದು ಎಂಬುದನ್ನೂ ಬಿಡಲಿಲ್ಲ. ಮನೆಗೆ ಮರಳಿ ಪತ್ನಿ ಶಿವಾನಂದಾಳಿಗೆ ಎಲ್ಲವನ್ನೂ ತಿಳಿಸಿದನು. ಅವಳೂ ಹೋಗಿ ವ್ರತ ಸ್ವೀಕರಿಸಿದಳು. ಒಬ್ಬರ ವ್ರತ ಇಡೀ ಮನೆಯ ವ್ರತವಾಯಿತು.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಮಿತಿ ಬೀಳಬೇಕಾದುದು ವಸ್ತುವಿಗಿಂತ ಮೊದಲು ಆಸೆಗೆ. ಪರರ ಐಶ್ವರ್ಯವನ್ನು ಕಂಡು ವಿಸ್ಮಯಪಡುವುದನ್ನೂ ಅವರು ಈ ವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ನೆರೆಮನೆಯ ಮದುವೆಯ ವೈಭವಕ್ಕೆ ಬೆರಗಾಗಿ ಮಾಡಿದ ಸಾಲವೇ ಸಾಮಾನ್ಯವಾಗಿ ಮನೆಯವರಿಂದ ಬಚ್ಚಿಡುವ ಸಾಲವಾಗುತ್ತದೆ.

ಇಲ್ಲಿ ಎಚ್ಚರವೂ ಬೇಕು. ಲೆಕ್ಕ ತೆರೆದಿಡುವುದೆಂದರೆ ಬೀದಿಯಲ್ಲಿ ಸಾರುವುದಲ್ಲ. ತಾನೆಷ್ಟು ಸರಳವಾಗಿ ಬದುಕುತ್ತೇನೆಂದು ಹೇಳಿಕೊಂಡು ಹಿಗ್ಗುವುದು ಮಾನಕಷಾಯದ ಇನ್ನೊಂದು ವೇಷ. ಖರ್ಚಿನ ಫಲವನ್ನು ಯಾರು ಉಣ್ಣಬೇಕೋ ಅವರ ಮುಂದೆ, ಸಾಲ ಕೊಟ್ಟವರ ಮುಂದೆ, ವ್ರತವಿತ್ತ ಗುರುಗಳ ಮುಂದೆ ಮುಚ್ಚುಮರೆ ಇರಬಾರದು, ಅಷ್ಟೇ. ಕೇಳುವವರಿಗೂ ಒಂದು ಕರ್ತವ್ಯವಿದೆ. ನಿಜ ಹೇಳಿದವನನ್ನು ಹಂಗಿಸಿದರೆ ಅವನು ಮುಂದಿನ ಸಲ ಸುಳ್ಳನ್ನೇ ಆರಿಸಿಕೊಳ್ಳುತ್ತಾನೆ.

ತಿಂಗಳಿಗೊಮ್ಮೆ, ಸಂಜೆಯ ಊಟ ಮುಗಿದ ಮೇಲೆ, ಮನೆಮಂದಿ ಕೂತು ಆಯವ್ಯಯವನ್ನು ಓದಬಹುದು. ದಿನಸಿ, ಹಾಲು, ಶಾಲೆಯ ಶುಲ್ಕ, ಔಷಧಿಗಳ ಜೊತೆಗೆ ಆ ತಿಂಗಳ ದಾನಕ್ಕೂ ಒಂದು ಸಾಲು ಇರಲಿ. ತೀರಿಸಬೇಕಾದ ಸಾಲಕ್ಕೂ ಒಂದು ಸಾಲು ಇರಲಿ. ಬೇಡದ ಖರ್ಚು ಯಾವುದೆಂದು ಮಕ್ಕಳೇ ಗುರುತಿಸಲಿ.

ಆ ರಾತ್ರಿ ಬನಾರಸೀದಾಸರ ಕಟ್ಟುಕಥೆಯನ್ನು ಪತ್ನಿ ನಂಬಿದ್ದರೆ, ಅವಳ ಇಪ್ಪತ್ತು ರೂಪಾಯಿ ಗಂಟಿನಲ್ಲೇ ಉಳಿಯುತ್ತಿತ್ತು. ಪತಿಯ ದುಃಖ ಎದೆಯಲ್ಲೇ ಉಳಿಯುತ್ತಿತ್ತು.