ಲೈಂಗಿಕ ಅಪರಾಧದಲ್ಲಿ ಶಿಕ್ಷೆಗೊಳಗಾದ ಕ್ರೀಡಾಪಟುಗಳ ಮರುಪ್ರವೇಶ

ಲೈಂಗಿಕ ಅಪರಾಧದಲ್ಲಿ ಶಿಕ್ಷೆಗೊಳಗಾದ ಕ್ರೀಡಾಪಟುಗಳ ಮರುಪ್ರವೇಶ ಎಂಬುದು, ಅತ್ಯಾಚಾರ ಅಥವಾ ಅಂತಹ ಇತರ ಅಪರಾಧದಲ್ಲಿ ನ್ಯಾಯಾಲಯವು ದೋಷಿಯೆಂದು ತೀರ್ಮಾನಿಸಿದ ಆಟಗಾರನು ಶಿಕ್ಷೆಯ ನಂತರ ವೃತ್ತಿಪರ ಕ್ರೀಡೆಗೆ ಮರಳಬಹುದೇ, ಮರಳುವುದಾದರೆ ಯಾವ ನಿಬಂಧನೆಗಳ ಮೇಲೆ ಎಂಬ ಪ್ರಶ್ನೆಯನ್ನು ಕುರಿತ ಚರ್ಚೆಯಾಗಿದೆ. ಬಾಕ್ಸಿಂಗ್, ಫುಟ್‌ಬಾಲ್, ಕ್ರಿಕೆಟ್ ಮತ್ತು ಬೀಚ್ ವಾಲಿಬಾಲ್ ಕ್ರೀಡೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ಕಾಲದಲ್ಲಿ ಎದ್ದಿದೆ. ಎಲ್ಲ ದೇಶಗಳಿಗೂ ಎಲ್ಲ ಕ್ರೀಡೆಗಳಿಗೂ ಅನ್ವಯಿಸುವ ಒಂದೇ ನಿಯಮ ಇಲ್ಲ. ಕೆಲವೆಡೆ ಸಂಸ್ಥೆ, ಕೆಲವೆಡೆ ಪ್ರಾಯೋಜಕರು, ಕೆಲವೆಡೆ ವೀಸಾ ಕೊಡುವ ಸರ್ಕಾರ ಹಾಗೂ ಕೆಲವೆಡೆ ಪ್ರೇಕ್ಷಕರೇ ತೀರ್ಮಾನ ಮಾಡಿದ್ದಾರೆ.

ಇಲ್ಲಿ ಆರೋಪಿ ಮತ್ತು ಅಪರಾಧಿ ಎಂಬ ಎರಡು ಪದಗಳ ಅಂತರವನ್ನು ಮೊದಲೇ ತಿಳಿದಿರಬೇಕು. ದೂರು ದಾಖಲಾದವನು ಆರೋಪಿ. ವಿಚಾರಣೆ ನಡೆದು ತೀರ್ಪು ಬಂದ ಮೇಲೆ ಮಾತ್ರ ಅಪರಾಧಿ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಅಂತರ ಹಲವು ಬಾರಿ ಮಾಯವಾಗುತ್ತದೆ. ಕರ್ನಾಟಕದಲ್ಲಿ ಈ ವಿಷಯ ಸುದ್ದಿಯಾದದ್ದು ಬಹುತೇಕ ಆರೋಪದ ಹಂತದಲ್ಲಿಯೇ. 2012ರ ಐಪಿಎಲ್ ಋತುವಿನಲ್ಲಿ ಬೆಂಗಳೂರು ತಂಡದ ವಿದೇಶಿ ಆಟಗಾರರೊಬ್ಬರನ್ನು ದೆಹಲಿಯಲ್ಲಿ ಬಂಧಿಸಿದಾಗ ತಂಡವು ಅವರನ್ನು ಅಮಾನತಿನಲ್ಲಿಟ್ಟಿತು. ಮುಂದೆ ದೂರುದಾರರು ದೂರನ್ನು ಹಿಂಪಡೆದರು. 2024ರ ಫೆಬ್ರವರಿಯಲ್ಲಿ ಭಾರತ ಹಾಕಿ ತಂಡದ ಆಟಗಾರರೊಬ್ಬರ ಮೇಲೆ ಬೆಂಗಳೂರಿನಲ್ಲಿ ಪೋಕ್ಸೊ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಇವು ಶಿಕ್ಷೆಯ ಉದಾಹರಣೆಗಳಲ್ಲ; ಆದ್ದರಿಂದ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ. ಶಿಕ್ಷೆಯ ನಂತರದ ಪ್ರಶ್ನೆಯನ್ನು ಅರಿಯಲು ಹೊರದೇಶಗಳ ಪ್ರಕರಣಗಳನ್ನೇ ನೋಡಬೇಕಾಗುತ್ತದೆ.

ಪ್ರಮುಖ ಪ್ರಕರಣಗಳು

ಅಮೆರಿಕದ ಬಾಕ್ಸರ್ ಮೈಕ್ ಟೈಸನ್ 1992ರ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್ ನಗರದ ನ್ಯಾಯಾಲಯದಲ್ಲಿ, 18 ವರ್ಷದ ಯುವತಿಯ ಮೇಲಿನ ಅತ್ಯಾಚಾರದ ಅಪರಾಧಿಯೆಂದು ತೀರ್ಮಾನವಾದರು. ಆರು ವರ್ಷಗಳ ಸೆರೆವಾಸ ವಿಧಿಸಲಾಗಿತ್ತು. ಮೂರು ವರ್ಷ ಕಳೆದು 1995ರ ಮಾರ್ಚ್‌ನಲ್ಲಿ ಬಿಡುಗಡೆಯಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ರಿಂಗಿಗೆ ಇಳಿದರು, 1996ರ ಮಾರ್ಚ್‌ನಲ್ಲಿ ಫ್ರಾಂಕ್ ಬ್ರೂನೊ ಅವರನ್ನು ಸೋಲಿಸಿ ವಿಶ್ವ ಪ್ರಶಸ್ತಿಯನ್ನೂ ಪಡೆದರು. ಸೆರೆಯಿಂದ ಹೊರಬಂದಾಗ ಅವರಿಗೆ 28 ವರ್ಷ. ಮರಳುವಿಕೆಯ ಹಿಂದೆ ಹಣದ ಲೆಕ್ಕವೇ ಮುಂದಾಗಿತ್ತು ಎಂಬುದರಲ್ಲಿ ಹೆಚ್ಚು ಸಂಶಯವಿಲ್ಲ. ಟೈಸನ್ ಇಲ್ಲದ ಹೆವಿವೇಟ್ ಬಾಕ್ಸಿಂಗ್‌ಗೆ ಅಷ್ಟು ಪ್ರೇಕ್ಷಕರಿರಲಿಲ್ಲ.

ಇಪ್ಪತ್ತು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ನಡೆದದ್ದು ಬೇರೆಯದೇ. ಶೆಫೀಲ್ಡ್ ಯುನೈಟೆಡ್ ತಂಡದ ವೇಲ್ಸ್ ಮೂಲದ ಫುಟ್‌ಬಾಲ್ ಆಟಗಾರ ಚೆಡ್ ಎವನ್ಸ್ ಅವರಿಗೆ 2012ರ ಏಪ್ರಿಲ್‌ನಲ್ಲಿ ಅತ್ಯಾಚಾರಕ್ಕಾಗಿ ಐದು ವರ್ಷಗಳ ಶಿಕ್ಷೆಯಾಯಿತು. 2014ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದಾಗ ಹಳೆಯ ಕ್ಲಬ್ಬು ಅಭ್ಯಾಸಕ್ಕೆ ಅವಕಾಶ ಕೊಡಲು ಮುಂದಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರು ವಿರೋಧಿಸಿ ಸಹಿ ಹಾಕಿದರು. ಕ್ಲಬ್ಬಿನ ಕ್ರೀಡಾಂಗಣದ ಒಂದು ಪ್ರೇಕ್ಷಕಾಂಗಣಕ್ಕೆ ತಮ್ಮ ಹೆಸರಿಟ್ಟಿದ್ದ ಒಲಿಂಪಿಕ್ ಚಾಂಪಿಯನ್ ಜೆಸಿಕಾ ಎನಿಸ್ ಹಿಲ್, ಅವರನ್ನು ಮತ್ತೆ ಸೇರಿಸಿಕೊಂಡರೆ ತಮ್ಮ ಹೆಸರನ್ನು ತೆಗೆಯಬೇಕೆಂದು ತಿಳಿಸಿದರು. ಕ್ಲಬ್ಬು ಹಿಂದೆ ಸರಿಯಿತು. 2015ರ ಜನವರಿಯಲ್ಲಿ ಓಲ್ಡಮ್ ಅಥ್ಲೆಟಿಕ್ ಜೊತೆಗಿನ ಮಾತುಕತೆಯೂ ಮುರಿಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2016ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು. ಅಕ್ಟೋಬರ್‌ನಲ್ಲಿ ಅವರು ಖುಲಾಸೆಗೊಂಡರು.

ಈ ಪ್ರಕರಣವನ್ನು ಎರಡೂ ಪಕ್ಷದವರು ತಮ್ಮ ಸಾಕ್ಷಿಯಾಗಿ ಬಳಸುತ್ತಾರೆ. ತೀರ್ಪುಗಳು ಬದಲಾಗಬಲ್ಲವು, ಆದ್ದರಿಂದ ಆಜೀವ ನಿಷೇಧ ಅಪಾಯಕರ ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ತೋರಿಸುವುದು ದೂರುದಾರರಿಗೆ ಆದದ್ದನ್ನು. ಕಾನೂನು ಜೀವನಪರ್ಯಂತ ಗೋಪ್ಯವಾಗಿರಿಸಿದ್ದ ಆಕೆಯ ಹೆಸರನ್ನು ಅಭಿಮಾನಿಗಳು ಟ್ವಿಟರ್‌ನಲ್ಲಿ ಬಯಲು ಮಾಡಿದರು. 2012ರ ನವೆಂಬರ್‌ನಲ್ಲಿ ಒಂಬತ್ತು ಮಂದಿಗೆ ತಲಾ 624 ಪೌಂಡ್ ಕೊಡುವಂತೆ ಆದೇಶವಾಯಿತು. ಆಕೆ ಹೆಸರು ಬದಲಿಸಿಕೊಂಡು ಊರಿಂದ ಊರಿಗೆ ಹೋಗಬೇಕಾಯಿತೆಂದು ಕುಟುಂಬದವರು ತಿಳಿಸಿದ್ದರು. ಆಟಗಾರ ಮರಳಬೇಕೇ ಎಂಬ ಪ್ರಶ್ನೆಯನ್ನು ಲಕ್ಷಾಂತರ ಜನರು ಕೇಳಿದರು. ಆಕೆ ತನ್ನ ಬದುಕಿಗೆ ಮರಳುವುದು ಹೇಗೆಂದು ಕೇಳಿದವರು ಕಡಿಮೆ.

ನೆದರ್ಲೆಂಡ್ಸ್‌ನ ಬೀಚ್ ವಾಲಿಬಾಲ್ ಆಟಗಾರ ಸ್ಟೀವನ್ ವಾನ್ ಡೆ ವೆಲ್ಡೆ ಪ್ರಕರಣದಲ್ಲಿ ತಪ್ಪಿನ ಬಗ್ಗೆ ವಿವಾದವೇ ಇಲ್ಲ. 2014ರಲ್ಲಿ, 19ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋಗಿ 12 ವರ್ಷದ ಬಾಲಕಿಯ ಮೇಲೆ ಎಸಗಿದ ಅತ್ಯಾಚಾರವನ್ನು ಅವರು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. 2016ರಲ್ಲಿ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಸುಮಾರು ಒಂದು ವರ್ಷದ ನಂತರ ಅವರನ್ನು ಸ್ವದೇಶಕ್ಕೆ ವರ್ಗಾಯಿಸಲಾಯಿತು. ಅಲ್ಲಿನ ಕಾನೂನಿಗೆ ಹೊಂದಿಸಿ ಶಿಕ್ಷೆಯನ್ನು ಇಳಿಸಿದ್ದರಿಂದ ಬೇಗನೆ ಬಿಡುಗಡೆಯಾಗಿ 2017ರಲ್ಲಿಯೇ ಆಟಕ್ಕೆ ಮರಳಿದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಆಯ್ಕೆಯಾದಾಗ ಜಗತ್ತಿನ ಗಮನ ಅತ್ತ ತಿರುಗಿತು. ಆಯ್ಕೆ ಆಯಾ ದೇಶದ ಒಲಿಂಪಿಕ್ ಸಮಿತಿಯ ಹೊಣೆ ಎಂದು ಅಂತರರಾಷ್ಟ್ರೀಯ ಸಮಿತಿ ಹೇಳಿತು. ಅವರನ್ನು ಕ್ರೀಡಾಗ್ರಾಮದಿಂದ ಹೊರಗೆ ಇರಿಸಲಾಯಿತು, ಪತ್ರಕರ್ತರಿಂದ ದೂರವಿಡಲಾಯಿತು. ಅಂಗಣಕ್ಕೆ ಬಂದಾಗ ಪ್ರೇಕ್ಷಕರ ಒಂದು ಭಾಗ ಧಿಕ್ಕಾರ ಕೂಗಿತು. ಇತರ ಕ್ರೀಡಾಪಟುಗಳೊಂದಿಗೆ ಒಂದೇ ಆವರಣದಲ್ಲಿ ಇರಿಸಲು ಹಿಂಜರಿದವರು ಅದೇ ಕ್ರೀಡಾಪಟುವಿಗೆ ದೇಶದ ಬಣ್ಣದ ಅಂಗಿ ತೊಡಿಸಿದ್ದರು. ಈ ವಿರೋಧಾಭಾಸಕ್ಕೆ ಸಂಸ್ಥೆಗಳಿಂದ ತೃಪ್ತಿಕರ ಉತ್ತರ ಬರಲಿಲ್ಲ. 2025ರಲ್ಲಿ ಅಡಿಲೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲು ಆಸ್ಟ್ರೇಲಿಯಾ ಅವರಿಗೆ ವೀಸಾ ನಿರಾಕರಿಸಿತು.

ನಮ್ಮ ನೆರೆಯ ನೇಪಾಳದಲ್ಲಿ, ಐಪಿಎಲ್‌ನಲ್ಲಿ ಆಡಿದ್ದರಿಂದ ಭಾರತದ ಮಕ್ಕಳಿಗೂ ಪರಿಚಿತರಾದ ಲೆಗ್ ಸ್ಪಿನ್ನರ್ ಸಂದೀಪ್ ಲಾಮಿಛಾನೆ ಅವರನ್ನು 2022ರ ಅಕ್ಟೋಬರ್‌ನಲ್ಲಿ ಅತ್ಯಾಚಾರದ ಆರೋಪದಲ್ಲಿ ಬಂಧಿಸಲಾಯಿತು. ಜಾಮೀನಿನ ಮೇಲೆ ಹೊರಬಂದು 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತಂಡದಲ್ಲಿ ಆಡಿದಾಗ ಸ್ಕಾಟ್ಲೆಂಡ್ ಆಟಗಾರರು ಅವರ ಕೈಕುಲುಕಲಿಲ್ಲ. ಸ್ವದೇಶದ ಪ್ರೇಕ್ಷಕರು ಅವರನ್ನೇ ಹುರಿದುಂಬಿಸಿದರು. 2024ರ ಜನವರಿಯಲ್ಲಿ ಕಠ್ಮಂಡು ಜಿಲ್ಲಾ ನ್ಯಾಯಾಲಯ ಎಂಟು ವರ್ಷಗಳ ಶಿಕ್ಷೆ ವಿಧಿಸಿತು, ಕ್ರಿಕೆಟ್ ಸಂಸ್ಥೆ ಅಮಾನತುಗೊಳಿಸಿತು. ಮೇ 15ರಂದು ಪಾಟನ್ ಉಚ್ಚ ನ್ಯಾಯಾಲಯ ಖುಲಾಸೆ ಮಾಡಿತು. ಅಮೆರಿಕದ ವೀಸಾ ಸಿಗದಿದ್ದರೂ ವೆಸ್ಟ್ ಇಂಡೀಸ್‌ನಲ್ಲಿ ನಡೆದ ಟಿ20 ವಿಶ್ವಕಪ್‌ನ ಪಂದ್ಯಗಳಲ್ಲಿ ಅವರು ಆಡಿದರು. ಐದು ತಿಂಗಳೊಳಗೆ ಒಬ್ಬ ಆಟಗಾರ ಅಪರಾಧಿಯೂ ಆಗಿ ಮುಕ್ತನೂ ಆದ ಈ ಪ್ರಕರಣವು, ಮೊದಲ ತೀರ್ಪು ಮತ್ತು ಅಂತಿಮ ತೀರ್ಪಿನ ನಡುವಿನ ಅವಧಿಯಲ್ಲಿ ಸಂಸ್ಥೆ ಏನು ಮಾಡಬೇಕೆಂಬ ಕಠಿಣ ಪ್ರಶ್ನೆಯನ್ನು ಮುಂದಿಡುತ್ತದೆ.

ಭಾರತದ ಕಾನೂನು

ಭಾರತದಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 64ನೆಯ ಕಲಮಿನಂತೆ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆ 10 ವರ್ಷಗಳ ಕಠಿಣ ಸೆರೆವಾಸ. ಸಂತ್ರಸ್ತೆ 16 ವರ್ಷದೊಳಗಿನವಳಾಗಿದ್ದರೆ ಕನಿಷ್ಠ 20 ವರ್ಷ. 22ನೆಯ ವಯಸ್ಸಿನಲ್ಲಿ ಶಿಕ್ಷೆಗೊಳಗಾದ ಕಬಡ್ಡಿ ಆಟಗಾರನು ಹೊರಬರುವ ಹೊತ್ತಿಗೆ ಆಟದ ವಯಸ್ಸು ಬಹುಪಾಲು ಮುಗಿದಿರುತ್ತದೆ. ಟೈಸನ್ ಅಥವಾ ವಾನ್ ಡೆ ವೆಲ್ಡೆ ಅವರಂತಹ ಮರಳುವಿಕೆ ಇಲ್ಲಿ ನಡೆಯುವ ಸಂಭವ ಕಡಿಮೆ. ನಿಜವಾದ ಪ್ರಶ್ನೆ ಏಳುವುದು ಮೇಲ್ಮನವಿಯ ಕಾಲದಲ್ಲಿ. ಮೇಲ್ಮನವಿ ಬಾಕಿಯಿರುವಾಗ ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಡುವ ಅಧಿಕಾರ ಮೇಲಿನ ನ್ಯಾಯಾಲಯಕ್ಕಿದೆ; ಅಪರೂಪಕ್ಕೆ ದೋಷಿಯೆಂಬ ತೀರ್ಮಾನಕ್ಕೇ ತಡೆ ಸಿಗುವುದುಂಟು. ಲೈಂಗಿಕ ಅಪರಾಧಕ್ಕೆ ಸಂಬಂಧಿಸದ ರಸ್ತೆ ಜಗಳದ ಸಾವಿನ ಪ್ರಕರಣದಲ್ಲಿ, ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರಿಗೆ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಂತಹ ತಡೆ ನೀಡಿತ್ತು. ಅದರಿಂದ ಅವರು ಚುನಾವಣೆಗೆ ನಿಲ್ಲಲು ಸಾಧ್ಯವಾಯಿತು. ಮೇಲ್ಮನವಿಗಳು ವರ್ಷಗಟ್ಟಲೆ ನಡೆಯುವ ನಮ್ಮ ದೇಶದಲ್ಲಿ, ಶಿಕ್ಷೆಯಾಗಿಯೂ ಜಾಮೀನಿನ ಮೇಲಿರುವ ಆಟಗಾರನನ್ನು ಅಂಗಣಕ್ಕೆ ಬಿಡಬಹುದೇ ಎಂಬುದಕ್ಕೆ ಸಂಸ್ಥೆಗಳು ಮೊದಲೇ ನಿಯಮ ಮಾಡಿಕೊಂಡಿರುವುದು ಒಳ್ಳೆಯದು. ಪ್ರಕರಣ ಎದುರಿಗೆ ಬಂದ ಮೇಲೆ ಮಾಡಿದ ನಿಯಮ ಆಟಗಾರನ ಹೆಸರು ನೋಡಿ ಮಾಡಿದ್ದಾಗಿರುತ್ತದೆ.

ಆಜೀವ ನಿಷೇಧ ಹೇರಬಹುದೇ? ಸಂವಿಧಾನದ 19(1)(ಜಿ) ವಿಧಿಯು ಪ್ರತಿ ನಾಗರಿಕನಿಗೆ ವೃತ್ತಿ ಸ್ವಾತಂತ್ರ್ಯ ನೀಡಿದೆ, ಸಾರ್ವಜನಿಕ ಹಿತದ ಯುಕ್ತ ನಿರ್ಬಂಧಗಳಿಗೂ ಅವಕಾಶವಿದೆ. ಸ್ಪಾಟ್ ಫಿಕ್ಸಿಂಗ್ ಪ್ರಕರಣದಲ್ಲಿ ಎಸ್. ಶ್ರೀಶಾಂತ್ ಅವರಿಗೆ ಬಿಸಿಸಿಐ ಹೇರಿದ್ದ ಆಜೀವ ನಿಷೇಧವನ್ನು 2019ರ ಮಾರ್ಚ್ 15ರಂದು ಸರ್ವೋಚ್ಚ ನ್ಯಾಯಾಲಯ ಬದಿಗೊತ್ತಿ, ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸಲು ಸೂಚಿಸಿತು. ಅದು ಏಳು ವರ್ಷಕ್ಕೆ ಇಳಿಯಿತು. ಆ ವಿಷಯ ಬೇರೆಯದಾದರೂ, ನಿಷೇಧವು ತಪ್ಪಿಗೆ ತಕ್ಕಷ್ಟಿರಬೇಕೆಂಬ ತತ್ವ ಇಲ್ಲಿಯೂ ಅನ್ವಯಿಸುತ್ತದೆ. ಅಪರಾಧಿಯೂ ಸುಧಾರಿಸಬಲ್ಲನೆಂಬ ಚಿಂತನೆ ನಮ್ಮ ನ್ಯಾಯಾಂಗಕ್ಕೆ ಹೊಸತಲ್ಲ. 1977ರ ಮೊಹಮ್ಮದ್ ಗಿಯಾಸುದ್ದೀನ್ ಪ್ರಕರಣದ ತೀರ್ಪು ಅದಕ್ಕೆ ಪ್ರಸಿದ್ಧವಾಗಿದೆ.

ಇನ್ನೊಂದು ಸಂಗತಿಯನ್ನು ಚರ್ಚಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ. ಭಾರತದ ಹೆಚ್ಚಿನ ಕ್ರೀಡಾಪಟುಗಳಿಗೆ ಅನ್ನ ಕೊಡುವುದು ಲೀಗ್ ಅಲ್ಲ, ನೌಕರಿ. ರೈಲ್ವೆ, ಪೊಲೀಸ್, ಸೇನಾಪಡೆಗಳು ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತವೆ. ಸರ್ಕಾರಿ ನೌಕರನಿಗೆ ಅಪರಾಧ ಪ್ರಕರಣದಲ್ಲಿ ಶಿಕ್ಷೆಯಾದರೆ, ಸಂವಿಧಾನದ 311ನೆಯ ವಿಧಿಯ ಎರಡನೆಯ ಖಂಡದ ಪರಂತುಕದಂತೆ, ಇಲಾಖಾ ವಿಚಾರಣೆಯಿಲ್ಲದೆಯೇ ಅವನನ್ನು ವಜಾ ಮಾಡಬಹುದು. 1985ರ ತುಳಸೀರಾಮ್ ಪಟೇಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಇಂತಹ ಶಿಕ್ಷೆಯಾದ ಸರ್ಕಾರಿ ಶಿಕ್ಷಕನನ್ನು ಮತ್ತೆ ತರಗತಿಗೆ ಕಳಿಸಬೇಕೆಂದು ಯಾರೂ ವಾದಿಸುವುದಿಲ್ಲ. ಆಟಗಾರನಿಗೆ ಮಾತ್ರ ವಾದ ಹುಟ್ಟುವುದೇಕೆಂದರೆ ಅವನು ಗೋಲು ಹೊಡೆಯುತ್ತಾನೆ, ವಿಕೆಟ್ ತೆಗೆಯುತ್ತಾನೆ.

ವಾದ ಪ್ರತಿವಾದ

ಮರುಪ್ರವೇಶದ ಪರವಾಗಿರುವವರ ಮುಖ್ಯ ಮಾತು, ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ, ಅದು ಮುಗಿದ ಮೇಲೆ ಸಮಾಜ ಎರಡನೆಯ ಶಿಕ್ಷೆ ವಿಧಿಸಬಾರದು ಎಂಬುದು. ಬಡಗಿಯಾಗಿದ್ದವನು ಸೆರೆಯಿಂದ ಬಂದು ಮತ್ತೆ ಬಡಗಿಯಾಗಬಹುದಾದರೆ ಆಟಗಾರನೇಕೆ ಆಟಗಾರನಾಗಬಾರದು? ದುಡಿಮೆ ಇಲ್ಲದವನು ಮತ್ತೆ ಅಪರಾಧದತ್ತ ವಾಲುವ ಅಪಾಯವನ್ನೂ ಅವರು ತೋರಿಸುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು.

ವಿರೋಧಿಸುವವರು ಹೇಳುವಂತೆ, ಬಡಗಿಯ ಹೆಸರನ್ನು ಬೆನ್ನಿಗೆ ಬರೆದುಕೊಂಡು ಮಕ್ಕಳು ಓಡಾಡುವುದಿಲ್ಲ. ಕ್ರೀಡೆಯಲ್ಲಿ ಕೂಲಿಯ ಜೊತೆಗೆ ಗೌರವವೂ ಸಂದಾಯವಾಗುತ್ತದೆ: ದೇಶದ ಅಂಗಿ, ಪದಕ, ಜಾಹೀರಾತು, ಶಾಲಾ ಸಮಾರಂಭದ ಮುಖ್ಯ ಅತಿಥಿಯ ಕುರ್ಚಿ. ದುಡಿಯುವ ಹಕ್ಕು ಎಲ್ಲರಿಗೂ ಇದೆ. ಗೌರವಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಟಿವಿ ಹಚ್ಚಿದಾಗಲೆಲ್ಲ ಆ ಮುಖವನ್ನು ನೋಡಬೇಕಾದ ಸಂತ್ರಸ್ತೆಯ ನೋವೂ ಇದರಲ್ಲಿ ಸೇರಿದೆ. ಈ ಎರಡು ವಾದಗಳಲ್ಲಿ ಎರಡನೆಯದೇ ಹೆಚ್ಚು ತೂಕದ್ದೆಂದು ತೋರುತ್ತದೆ. ಆದರೆ ಅದು ದೇಶದ ತಂಡ, ಪ್ರಶಸ್ತಿ ಹಾಗೂ ಪ್ರಚಾರಕ್ಕೆ ಅನ್ವಯಿಸುವಷ್ಟು ಬಲವಾಗಿ ಸ್ಥಳೀಯ ಕ್ಲಬ್ಬಿನ ಸಾಧಾರಣ ಪಂದ್ಯಕ್ಕೆ ಅನ್ವಯಿಸುವುದಿಲ್ಲ. ಅಪರಾಧವನ್ನು ಒಪ್ಪಿ ಪಶ್ಚಾತ್ತಾಪಪಟ್ಟವನಿಗೂ ಸಂತ್ರಸ್ತೆಯನ್ನೇ ಹಳಿಯುವವನಿಗೂ ವ್ಯತ್ಯಾಸ ಮಾಡಲೇಬೇಕು.

ಮಕ್ಕಳ ವಿರುದ್ಧ ಅಪರಾಧ ಎಸಗಿದವರ ವಿಷಯದಲ್ಲಿ ಮಾತ್ರ ಹೆಚ್ಚಿನ ಚರ್ಚೆಗೆ ಎಡೆಯಿಲ್ಲ. ಅಂತಹವರು ಬಾಲಕರ ತರಬೇತಿ, ಶಿಬಿರ, ಹಾಸ್ಟೆಲ್‌ಗಳ ಸಮೀಪಕ್ಕೂ ಬರಬಾರದು. ಅಮೆರಿಕದಲ್ಲಿ 2017ರಲ್ಲಿ ಆರಂಭವಾದ ಸೇಫ್‌ಸ್ಪೋರ್ಟ್ ಕೇಂದ್ರವು ಒಲಿಂಪಿಕ್ ಕ್ರೀಡೆಗಳಿಂದ ಕಾಯಂ ಆಗಿ ಹೊರಹಾಕಿದವರ ಹೆಸರುಗಳನ್ನು ಯಾರು ಬೇಕಾದರೂ ನೋಡಬಹುದಾದ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಭಾರತದಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯ ಆರಂಭವಾಗಿದ್ದರೂ ಅದು ಪೊಲೀಸ್ ಮತ್ತಿತರ ತನಿಖಾ ಸಂಸ್ಥೆಗಳಿಗಷ್ಟೇ ತೆರೆದಿದೆ. ಶಾಲೆ ಅಥವಾ ಕ್ರೀಡಾ ಸಂಸ್ಥೆ ತಾನೇ ಅದನ್ನು ನೋಡುವಂತಿಲ್ಲ. ಪೊಲೀಸ್ ಪರಿಶೀಲನೆ ಕೇಳಬೇಕು.

ಗ್ರಾಮೀಣ ಕ್ರೀಡೆ ಮತ್ತು ಶಾಲೆಗಳು

ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ತಾಲ್ಲೂಕುಗಳಲ್ಲಿ ಕ್ರೀಡೆ ಎಂದರೆ ಮುಖ್ಯವಾಗಿ ಕಬಡ್ಡಿ, ಖೋಖೋ, ವಾಲಿಬಾಲ್ ಮತ್ತು ಶಾಲಾ ಕ್ರೀಡಾಕೂಟ. ವೃತ್ತಿಪರ ಆಟಗಾರನು ಇಲ್ಲಿ ಪ್ರೊ ಕಬಡ್ಡಿಯ ಪರದೆಯ ಮೇಲೆ ಮಾತ್ರ ಕಾಣುತ್ತಾನೆ. ಆದರೆ ಹೆಣ್ಣುಮಕ್ಕಳ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದು ರಾಯಚೂರಿಗೆ ಹೋಗಬೇಕಾದಾಗ ತಂದೆತಾಯಿ ಕೇಳುವ ಮೊದಲ ಪ್ರಶ್ನೆ, ಜೊತೆಗೆ ಯಾರು ಹೋಗುತ್ತಾರೆ ಎಂಬುದೇ. ಆ ಉತ್ತರದ ಮೇಲೆ ಎಷ್ಟೋ ಹುಡುಗಿಯರ ಆಟ ಉಳಿಯುತ್ತದೆ ಅಥವಾ ಏಳನೆಯ ತರಗತಿಗೇ ನಿಲ್ಲುತ್ತದೆ. ಒಬ್ಬ ತಪ್ಪಿತಸ್ಥನನ್ನು ಸಂಸ್ಥೆಯೊಂದು ಮರೆಮಾಚಿದ ಸುದ್ದಿ ಬಂದರೆ ಅದರ ಬೆಲೆ ತೆರುವವರು ದೂರದ ಊರಿನ ಇಂತಹ ಹುಡುಗಿಯರು.

2012ರ ಪೋಕ್ಸೊ ಕಾಯ್ದೆಯ 9ನೆಯ ಕಲಮಿನಂತೆ ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಅಥವಾ ಮಗುವಿನ ನಂಬಿಕೆಯ ಸ್ಥಾನದಲ್ಲಿರುವವರು ಎಸಗುವ ಅಪರಾಧವು ಹೆಚ್ಚು ಗಂಭೀರವಾದುದು. 19ನೆಯ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 21ನೆಯ ಕಲಮಿನಂತೆ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯು ಕ್ರೀಡಾಸಂಸ್ಥೆ, ಕ್ರೀಡಾಂಗಣ ಮತ್ತು ಪಂದ್ಯ ನಡೆಯುವ ಸ್ಥಳಗಳನ್ನೂ ಕೆಲಸದ ಸ್ಥಳವೆಂದೇ ಪರಿಗಣಿಸುತ್ತದೆ. 2023ರ ಜನವರಿಯಲ್ಲಿ ದೆಹಲಿಯಲ್ಲಿ ಮಹಿಳಾ ಕುಸ್ತಿಪಟುಗಳು ಧರಣಿ ಕುಳಿತ ನಂತರ ಕ್ರೀಡಾ ಒಕ್ಕೂಟಗಳ ದೂರು ವ್ಯವಸ್ಥೆ ಎಷ್ಟು ದುರ್ಬಲವೆಂಬುದು ಎಲ್ಲರಿಗೂ ತಿಳಿಯಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಹಿಳೆಯರು ಮತ್ತು ಅಪ್ರಾಪ್ತ ಕ್ರೀಡಾಪಟುಗಳ ರಕ್ಷಣೆಗಾಗಿ ಸುರಕ್ಷಿತ ಕ್ರೀಡಾ ನೀತಿಯನ್ನು ರೂಪಿಸಲು ಅವಕಾಶ ಕಲ್ಪಿಸಲಾಗಿದೆ. ತೊಂದರೆಗೊಳಗಾದ ಮಗುವಾಗಲಿ ಅದನ್ನು ಕಂಡವರಾಗಲಿ 1098 ಮಕ್ಕಳ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.